ವಿಜಿಲಾಂಟೀಸ್ ಓದಬೇಕಾ, ಬೇಡ್ವಾ? ಕೊನೆ ಗೊತ್ತಿರುವ ಕಥೆಗೆ ಹಿಂದಿನ ಕಥೆ ಯಾಕೆ?

ರಾತ್ರಿಪಾಳಿ

ಎಲ್ಲರಿಗೂ ನಮಸ್ಕಾರ. ‘ಮೈ ಹೀರೋ ಅಕಾಡೆಮಿಯಾ’ ಮಾಂಗಾ (ಜಪಾನಿ ಕಾಮಿಕ್) ಕೊನೆಗೂ ಮುಗಿಸಿದೆ. ಬಹುತೇಕ ಎಲ್ಲರಿಗೂ ಒಂದೊಂದು ವಿಶೇಷ ಶಕ್ತಿ ಇರುವ, ಲೈಸೆನ್ಸ್ ಪಡೆದವರು ಹೀರೋ ಆಗುವ ಲೋಕದ ಕಥೆ. ಕೊಹೆಯ್ ಹೊರಿಕೋಶಿ 2014ರಿಂದ 2024ರ ತನಕ ಹತ್ತು ವರ್ಷ ಬರೆದದ್ದನ್ನು ನಾನು ನಾಲ್ಕು ತಿಂಗಳಲ್ಲಿ, ಪಾಳಿಯ ಮಧ್ಯೆ ಸಿಗುವ ಚಹಾ ಬಿಡುವಿನಲ್ಲೇ ಓದಿದೆ. 42 ಸಂಪುಟ. ಈಗ ಏನೋ ಖಾಲಿ ಖಾಲಿ.

ಗೆಳೆಯನೊಬ್ಬ ‘ವಿಜಿಲಾಂಟೀಸ್’ ಓದು, ಓದು ಅಂತ ಪ್ರಾಣ ತಿನ್ನುತ್ತಿದ್ದಾನೆ. ಮುಖ್ಯ ಕಥೆಗಿಂತ ಸುಮಾರು ಐದು ವರ್ಷ ಹಿಂದೆ ನಡೆಯುವ ಕಥೆಯಂತೆ. 15 ಸಂಪುಟ ಇದೆ. ನನ್ನ ತಕರಾರು ಇಷ್ಟೇ. ಹೀರೋ ಶಾಲೆಯ ಮೇಷ್ಟ್ರು ಐಜಾವಾ ಸರ್ ಸಾಯಲ್ಲ ಅಂತ ಗೊತ್ತು. ನಂಬರ್ ಒನ್ ಹೀರೋ ಆಲ್ ಮೈಟ್ ಗೆಲ್ತಾನೆ ಅಂತ ಗೊತ್ತು. ಯಾರು ಏನಾಗ್ತಾರೆ ಅಂತ ಪೂರ್ತಿ ಗೊತ್ತಿರುವಾಗ ಅವರ ಹಳೆಯ ಕಥೆ ಓದುವುದರಲ್ಲಿ ಮಜಾ ಏನು? ಅದೂ ಹೊರಿಕೋಶಿ ಬರೆದದ್ದಲ್ಲ, ಬೇರೆಯವರು ಬರೆದದ್ದು. ಊಟ ಮುಗಿದ ಮೇಲೆ ಅಡುಗೆ ಹೇಗೆ ಮಾಡಿದ್ದು ಅಂತ ಕೂರಿಸಿ ಹೇಳಿದ ಹಾಗೆ ಆಗಲ್ವಾ?

ಓದಿದವರು ಹೇಳಿ. ಸ್ಪಾಯ್ಲರ್ ಆದರೂ ಪರವಾಗಿಲ್ಲ.

ಬೈಟೂಕಾಫಿ

ಓದು ಗುರು. ಸುಮ್ನೆ ಓದು.

ನಿರ್ವಾಹಕ

ಎಳೆ ಶುರು ಮಾಡಿದವರೇ ಒಪ್ಪಿರುವುದರಿಂದ ಇಲ್ಲಿ ಎರಡೂ ಮಾಂಗಾಗಳ ಸ್ಪಾಯ್ಲರ್‌ಗೆ ಅನುಮತಿ ಇದೆ. ಅನಿಮೆ ಮಾತ್ರ ನೋಡುತ್ತಿರುವವರು ಇಲ್ಲಿಂದ ಮುಂದೆ ಬರಬೇಡಿ. ಆಮೇಲೆ ನನ್ನನ್ನು ಬೈಯಬೇಡಿ.

ಬೈಟೂಕಾಫಿ

ಮೀಟಿಂಗ್ ಮುಗೀತು, ಈಗ ಸರಿಯಾಗಿ ಹೇಳ್ತೀನಿ.

ಮೊದಲು ಲೆಕ್ಕ. ಕಥೆ ಹಿದೆಯುಕಿ ಫುರುಹಾಶಿಯದು, ಚಿತ್ರ ಬೆಟ್ಟೆನ್ ಕೋರ್ಟ್ ಅವರದು. 2016ರಲ್ಲಿ ‘ಜಂಪ್ ಗಿಗಾ’ ಪತ್ರಿಕೆಯಲ್ಲಿ ಶುರುವಾಗಿ ‘ಶೋನೆನ್ ಜಂಪ್ ಪ್ಲಸ್’ಗೆ ಹೋಯಿತು, 2022ರ ಮೇ ತಿಂಗಳಲ್ಲಿ 126ನೇ ಅಧ್ಯಾಯಕ್ಕೆ ಮುಗಿಯಿತು. ಅಂದರೆ ಮುಖ್ಯ ಕಥೆ ಇನ್ನೂ ನಡೆಯುತ್ತಿರುವಾಗಲೇ ಇದು ಪಕ್ಕದಲ್ಲಿ ಓಡುತ್ತಿತ್ತು. ಈ ವಿಷಯ ನೆನಪಿಟ್ಟುಕೋ, ಆಮೇಲೆ ಬೇಕಾಗುತ್ತದೆ.

ಇನ್ನು ನಿನ್ನ ತಕರಾರು. ನೀನು ಇದನ್ನು ಐಜಾವಾ ಕಥೆ ಅಂದುಕೊಂಡಿದ್ದೀಯಾ. ಅಲ್ಲ. ಇದು ಕೊಯಿಚಿ ಹೈಮಾವಾರಿ ಅನ್ನುವ ಕಾಲೇಜು ಹುಡುಗನ ಕಥೆ. ಮುಖ್ಯ ಕಥೆಯಲ್ಲಿ ಅವನ ಹೆಸರನ್ನೇ ನೀನು ಕೇಳಿರಲ್ಲ. ಅವನು ಬದುಕ್ತಾನಾ, ಸಾಯ್ತಾನಾ, ಜೈಲಿಗೆ ಹೋಗ್ತಾನಾ? ನಿನಗೇನೂ ಗೊತ್ತಿಲ್ಲ. ಗೊತ್ತಿಲ್ಲದ ಹುಡುಗನನ್ನು ಮುಂದೆ ನಿಲ್ಲಿಸಿ, ಗೊತ್ತಿರುವವರನ್ನೆಲ್ಲ ಹಿಂದೆ ಓಡಾಡಿಸಿದ್ದಾರೆ. ಅದೇ ಜಾಣತನ.

ಅವನ ಶಕ್ತಿ ಏನು ಗೊತ್ತಾ? ಜಾರುವುದು. ಎರಡು ಕೈ ಎರಡು ಕಾಲಲ್ಲಿ ಮೂರಾದರೂ ನೆಲಕ್ಕೆ ಅಥವಾ ಗೋಡೆಗೆ ತಾಗಿರಬೇಕು, ಆಗ ಜಾರಿಕೊಂಡು ಹೋಗ್ತಾನೆ. ವೇಗ ಒಂದು ಸೈಕಲ್‌ನಷ್ಟು. ಆಲ್ ಮೈಟ್ ಹೂಡಿ ಹಾಕಿಕೊಂಡು, ಮುಖ ಮುಚ್ಚಿಕೊಂಡು, ಬೀದಿಯಲ್ಲಿ ಕಸ ಹೆಕ್ಕುತ್ತಾನೆ, ದಾರಿ ತಪ್ಪಿದವರಿಗೆ ದಾರಿ ತೋರಿಸುತ್ತಾನೆ. ಅಷ್ಟಕ್ಕೇ ಕಾನೂನು ಮುರಿದ ಹಾಗೆ, ಯಾಕೆಂದರೆ ಆ ಲೋಕದಲ್ಲಿ ಲೈಸೆನ್ಸ್ ಇಲ್ಲದೆ ಹೊರಗೆ ಶಕ್ತಿ ಬಳಸುವ ಹಾಗಿಲ್ಲ. ಜಪಾನಿ ಹೆಸರಿನ ಬಾಲದಲ್ಲಿ ‘ಇಲ್ಲೀಗಲ್ಸ್’ ಅಂತ ಇರುವುದು ಅದಕ್ಕೇ.

ಇರುವುದು ನರುಹಾತಾ ಅನ್ನುವ ಕಡೆ, ಕಟ್ಟಡವೊಂದರ ಮಾಳಿಗೆ ಮೇಲಿನ ಸಣ್ಣ ರೂಮಿನಲ್ಲಿ. ನಾನು ಬೆಂಗಳೂರಿಗೆ ಬಂದ ಹೊಸದರಲ್ಲಿ ಇದ್ದದ್ದೂ ಟೆರೇಸ್ ಮೇಲಿನ ಶೀಟ್ ರೂಮಿನಲ್ಲೇ. ಸಿಂಟೆಕ್ಸ್ ಟ್ಯಾಂಕ್ ಪಕ್ಕ. ಅವನ ರೂಮಿಗೆ ಎಲ್ಲರೂ ಹೇಳದೆ ಕೇಳದೆ ನುಗ್ಗಿ ಕೂರುವುದು ನೋಡಿದಾಗ ನನ್ನ ರೂಮೇ ಕಣ್ಣಿಗೆ ಬಂತು.

ರಾತ್ರಿಪಾಳಿ

ಸರಿ, ಇದು ಗೊತ್ತಿರಲಿಲ್ಲ. ಆದರೂ ಅಣ್ಣಾ, ಹೊಸ ಹುಡುಗನ ಕಥೆಯಾದರೆ ಹೊಸ ಮಾಂಗಾ ಮಾಡಬಹುದಿತ್ತಲ್ಲ. ಹೆಸರಿನ ಮೇಲೆ ಮಾರಾಟ ಮಾಡುವುದು ಯಾಕೆ?

ಗಿರ್ಮಿಟ್

ನೀವು ಹೇಳೋದು ಖರೇ ಐತ್ರಿ. ನಾನು ಪೂರ್ತಿ ಓದಿದವನು, ಆದರೂ ಹೇಳ್ತೀನಿ. ಈ ಹಿಂದಿನ ಕಥೆ ಅನ್ನೋದು ಒಂದು ಚಟ. ಯಾವ ಪಾತ್ರ ಸ್ವಲ್ಪ ಹೆಸರು ಮಾಡಿದರೂ ಅದರ ಬಾಲ್ಯ ಬೇಕು, ಅದರ ಅಪ್ಪ ಬೇಕು, ಅದಕ್ಕೆ ಗಾಯ ಹೆಂಗಾತು ಅನ್ನೋದು ಬೇಕು.

ಒಂದು ಉದಾಹರಣೆ ಕೊಡ್ತೀನಿ, ಹೀರೋಗಳನ್ನೇ ಕೊಲ್ಲೋ ವಿಲನ್ ಸ್ಟೇನ್. ಮುಖ್ಯ ಕಥೆಯಲ್ಲಿ ಅವನ ಹಿನ್ನೆಲೆ ಎಷ್ಟು ಇದೆ? ಟಿವಿ ಸುದ್ದಿಯಲ್ಲಿ ಬರುವ ನಾಲ್ಕು ಮಾತು. ಹೀರೋ ಶಾಲೆ ಸೇರಿದ, ಒಂದೇ ವರ್ಷಕ್ಕೆ ಬಿಟ್ಟ. ಬೀದಿಯಲ್ಲಿ ನಿಂತು ಭಾಷಣ ಮಾಡಿದ, ಯಾರೂ ಕೇಳಲಿಲ್ಲ. ಮಾತಿಗೆ ಬಲವಿಲ್ಲ ಅಂತ ಕತ್ತಿ ಹಿಡಿದ. ಮುಗೀತು. ಅಷ್ಟರಿಂದಲೇ ಅವನು ಅಂಜಿಕೆ ಹುಟ್ಟಿಸ್ತಿದ್ದ. ವಿಜಿಲಾಂಟೀಸ್‌ನಲ್ಲಿ ಅವನು ‘ಸ್ತೆಂಧಾಲ್’ ಅನ್ನೋ ಹೆಸರಲ್ಲಿ ಬರ್ತಾನೆ. ಆಗ ಅವನು ಕೊಲ್ಲೋದು ಪುಂಡರನ್ನು, ಹೀರೋಗಳನ್ನಲ್ಲ. ಒಬ್ಬ ಮುದುಕನ ಕೈಲಿ ಹೊಡೆಸಿಕೊಳ್ತಾನೆ, ಆಮೇಲೆ ತನ್ನ ಮೂಗು ತಾನೇ ಕೊಯ್ದುಕೊಂಡು ಸ್ಟೇನ್ ಆಗ್ತಾನೆ. ನೋಡ್ರಿ, ಮೂಗು ಯಾಕಿಲ್ಲ ಅನ್ನೋದಕ್ಕೂ ಒಂದು ಕಾರಣ ಬೇಕಾತು! ಗೊತ್ತಿಲ್ಲದೆ ಇದ್ದಾಗ ಅವನು ದೊಡ್ಡವನಾಗಿದ್ದ. ಈಗ ಬೀದಿ ಜಗಳದಲ್ಲಿ ಸೋತವನು ಅಷ್ಟೇ.

ಬೈಟೂಕಾಫಿ

ಅಯ್ಯೋ ಗಿರ್ಮಿಟ್ ಸರ್, ಆ ‘ಒಬ್ಬ ಮುದುಕ’ ಯಾರು ಅಂತ ಹೇಳದೆ ಹೋದರೆ ಹೇಗೆ! ನಕಲ್‌ಡಸ್ಟರ್. ಶಕ್ತಿಯೇ ಇಲ್ಲದವನು, ಬರೀ ಮುಷ್ಟಿ. ಅನುಮಾನ ಬಂದವರನ್ನೆಲ್ಲ ಹಿಡಿದು ಮೊದಲು ಕೇಳುವುದು, ‘ನಾಲಿಗೆ ತೋರಿಸು.’ ಟ್ರಿಗರ್ ಅನ್ನುವ ಮದ್ದು ತಗೊಂಡವರ ನಾಲಿಗೆ ಕಪ್ಪಾಗಿರುತ್ತದೆ, ಅದಕ್ಕೆ. ಡಾಕ್ಟರ್ ಹತ್ತಿರ ಹೋದಾಗ ನಾಲಿಗೆ ಚಾಚು ಅಂದರೆ ನನಗೆ ಈಗಲೂ ನಗು ಬರುತ್ತದೆ.

ಆ ಮುದುಕನಿಗೂ ಒಂದು ಕಥೆ ಇದೆ. ಹಿಂದೆ ಅವನು ಓಕ್ಲಾಕ್ ಅನ್ನುವ ಹೆಸರಾಂತ ಹೀರೋ. ಅವನ ಶಕ್ತಿಯನ್ನು ಮುಖ್ಯ ಕಥೆಯ ದೊಡ್ಡ ವಿಲನ್ ಆಲ್ ಫಾರ್ ಒನ್ ಕದ್ದುಕೊಂಡಿದ್ದಾನೆ. ಆ ಶಕ್ತಿ ಆಮೇಲೆ ಯಾರ ಕೈಗೆ ಹೋಯಿತು ಅನ್ನುವುದೇ ಕೊನೆಯ ಭಾಗದ ಜಗಳ. ಇಲ್ಲಿ ಹೇಳಲ್ಲ.

ಚೌಕಿಮನೆ

ಸ್ಟೇನ್ ವಿಷಯದಲ್ಲಿ ಗಿರ್ಮಿಟ್ ಅವರ ಮಾತು ನಾನು ಅರ್ಧ ಒಪ್ಪುತ್ತೇನೆ. ಕಾರಣ ಜಾಸ್ತಿಯಾದರೆ ಪಾತ್ರ ಚಿಕ್ಕದಾಗುತ್ತದೆ ಅನ್ನುವುದು ನಿಜ. ಆದರೆ ‘ಕೊನೆ ಗೊತ್ತಿದ್ದ ಮೇಲೆ ಮಜಾ ಏನು’ ಅನ್ನುವ ರಾತ್ರಿಪಾಳಿಯವರ ಮೊದಲ ಪ್ರಶ್ನೆಗೆ ನಮ್ಮ ಕರಾವಳಿಯವರು ನಗುತ್ತೇವೆ ಮಾರಾಯ್ರೆ.

ನನ್ನ ಅಜ್ಜ ಕರ್ಣಪರ್ವ ಆಟ ಎಷ್ಟು ಸಲ ನೋಡಿದ್ದಾರೋ ಲೆಕ್ಕ ಇಲ್ಲ. ಕರ್ಣ ಸಾಯುತ್ತಾನೆ ಅಂತ ಗದ್ದೆಯಲ್ಲಿ ಚಾಪೆ ಹಾಸಿ ಕೂತ ಎಲ್ಲರಿಗೂ ಗೊತ್ತು, ಕಡಲೆ ಮಾರುವವನಿಗೂ ಗೊತ್ತು. ಆದರೂ ಬೆಳಗಿನ ತನಕ ಯಾರೂ ಏಳುವುದಿಲ್ಲ. ಏನಾಗುತ್ತದೆ ಅಂತ ನೋಡಲಿಕ್ಕೆ ಯಾರೂ ಬಂದಿಲ್ಲ. ಇವತ್ತಿನ ವೇಷಧಾರಿ ಆ ಗಾಲಿ ಹೂತಾಗ ಯಾವ ಮಾತು ಆಡುತ್ತಾನೆ ಅಂತ ಕೇಳಲಿಕ್ಕೆ ಬಂದಿದ್ದಾರೆ. ಕೊನೆ ಗೊತ್ತಿದ್ದರೇ ಮಧ್ಯದ ಮಾತಿಗೆ ತೂಕ ಬರುವುದು.

ವಿಜಿಲಾಂಟೀಸ್‌ನಲ್ಲಿ ತೆನ್ಸೇಯ್ ಈದಾ ಬರುತ್ತಾನೆ, ಮುಖ್ಯ ಕಥೆಯ ವಿದ್ಯಾರ್ಥಿ ತೆನ್ಯಾನ ಅಣ್ಣ, ಹೀರೋ ಹೆಸರು ಇಂಜೀನಿಯಂ. ತಂಡ ಕಟ್ಟಿಕೊಂಡು, ನಗುತ್ತಾ, ಬೀದಿಯಲ್ಲಿ ಓಡುತ್ತಿರುತ್ತಾನೆ. ಇವನ ಬೆನ್ನಿಗೆ ಸ್ಟೇನ್ ಕತ್ತಿ ಬೀಳುತ್ತದೆ, ಹೀರೋ ಬದುಕು ಅಲ್ಲಿಗೆ ಮುಗಿಯುತ್ತದೆ ಅಂತ ನಮಗೆ ಮುಂಚೆಯೇ ಗೊತ್ತು. ಅವನಿಗೆ ಗೊತ್ತಿಲ್ಲ. ಅವನು ಓಡುವ ಒಂದೊಂದು ಚಿತ್ರವೂ ನನಗೆ ನೋಡಲಿಕ್ಕೆ ಕಷ್ಟ ಆಯಿತು. ಮುಖ್ಯ ಕಥೆಯಲ್ಲಿ ಅವನನ್ನು ಆಸ್ಪತ್ರೆಯ ಹಾಸಿಗೆ ಮೇಲೆ ನೋಡಿದಾಗ ಅಷ್ಟು ಕಷ್ಟ ಆಗಿರಲಿಲ್ಲ, ಯಾಕೆಂದರೆ ಅವನ ಪರಿಚಯವೇ ಇರಲಿಲ್ಲ.

ಅಕ್ಷರಮಾಲೆ

ಚೌಕಿಮನೆ ಅವರೇ, ಆ ತಂಡದ ಹೆಸರು ಗಮನಿಸಿದ್ರಾ? ಇದಾತೆನ್. ಅದು ನಮ್ಮ ಸ್ಕಂದ! ಬೌದ್ಧ ಧರ್ಮದ ಜೊತೆ ಚೀನಾ ಮೂಲಕ ಜಪಾನಿಗೆ ಹೋದ ಸ್ಕಂದ ಅಲ್ಲಿ ಇದಾತೆನ್ ಆದ. ಅಲ್ಲಿ ಅವನು ತುಂಬಾ ವೇಗವಾಗಿ ಓಡುವ ದೇವರು. ಜೋರಾಗಿ ಓಡುವವರಿಗೆ ಇದಾತೆನ್ ಹಾಗೆ ಓಡ್ತಾನೆ ಅನ್ನುವ ಮಾತೇ ಇದೆ. ಕುಕ್ಕೆಯ ಸುಬ್ಬಪ್ಪ ಅಲ್ಲಿ ಓಟಗಾರರ ದೇವರು ಅಂತ ನಮ್ಮ ಜಪಾನಿ ಕ್ಲಾಸಿನಲ್ಲಿ ಹೇಳಿದಾಗ ನಾನು ಪೆನ್ನು ಕೆಳಗಿಟ್ಟೆ.

ಹೆಸರುಗಳ ವಿಷಯ ಬಂದರೆ ನಾನು ನಿಲ್ಲಿಸಲ್ಲ, ಕ್ಷಮಿಸಿ. ಹೈಮಾವಾರಿ ಅನ್ನುವುದು ‘ಹೈಮಾವಾರು’ ಕ್ರಿಯಾಪದದ ಮೇಲೆ ಆಟ. ತೆವಳಿಕೊಂಡು ಸುತ್ತಾಡುವುದು ಅಂತ ಅರ್ಥ. ಅಡ್ಡಹೆಸರೇ ತೆವಳುವವನು! ನಾವು ‘ಕ್ವರ್ಕ್’ ಅನ್ನುವುದಕ್ಕೆ ಮೂಲದಲ್ಲಿ ‘ಕೊಸೆಯ್’ ಅಂತ ಇದೆ. ಅದು ವಿಚಿತ್ರ ಶಕ್ತಿ ಅಂತ ಅಲ್ಲ, ಒಬ್ಬೊಬ್ಬರಿಗೆ ಇರುವ ತನ್ನತನ ಅಂತ. ಹಾಗಾಗಿ ಲೈಸೆನ್ಸ್ ಇಲ್ಲದೆ ಕೊಸೆಯ್ ಬಳಸಬಾರದು ಅನ್ನುವ ಕಾನೂನನ್ನು ಜಪಾನಿಯಲ್ಲಿ ಓದಿದರೆ ಬೇರೆಯೇ ಥರ ಕೇಳಿಸುತ್ತದೆ. ನಿನ್ನತನವನ್ನು ಹೊರಗೆ ತೋರಿಸಬೇಡ ಅಂದ ಹಾಗೆ.

ಇನ್ನೊಂದು ಹೆಸರಿನ ವಿಷಯ ಇದೆ. ಆದರೆ ರಾತ್ರಿಪಾಳಿ ಓದಿ ಬಂದ ಮೇಲೆ ಹೇಳ್ತೀನಿ.

ಮಳೆಹುಡುಗಿ

ನಾನು ಈ ಎಳೆಯನ್ನು ಸುಮ್ಮನೆ ಓದ್ತಾ ಇದ್ದೆ. ಒಂದು ಸಣ್ಣ ದೂರು. ಸೆಕೆಂಡ್ ಹ್ಯಾಂಡ್ ಪುಸ್ತಕದ ಅಂಗಡಿಯೊಂದರಿಂದ ಐದು ಸಂಪುಟ ಒಟ್ಟಿಗೆ ತಂದೆ. ಹೊಸದು ಒಂದಕ್ಕೇ 400, 500 ಆಗುತ್ತದಲ್ಲ, ಅದಕ್ಕೆ. ಮನೆಗೆ ಬಂದು ನೋಡಿದರೆ ಒಂದರಲ್ಲಿ ಮಧ್ಯದ ಹಾಳೆಗಳೇ ಇಲ್ಲ. ಯಾರೋ ಬ್ಲೇಡ್‌ನಲ್ಲಿ ನೀಟಾಗಿ ಕತ್ತರಿಸಿ ತೆಗೆದಿದ್ದಾರೆ. ಪಾಪ್ ಸ್ಟೆಪ್ ಇರುವ ಪುಟಗಳು ಅಂತ ಕಾಣುತ್ತದೆ. ಯಾವ ಹುಡುಗನ ಗೋಡೆ ಮೇಲಿದೆಯೋ.

ಅಮ್ಮನಿಗೆ ನಾನು ಮಾಂಗಾ ಓದ್ತಾ ಇದೀನಿ ಅಂದರೆ ಇವತ್ತಿಗೂ ‘ಯಾವ ಮಂಗ?’ ಅಂತಲೇ ಕೇಳ್ತಾಳೆ.

ಗಿರ್ಮಿಟ್

ಪಾಪ್ ಸ್ಟೆಪ್ ಅಂದ ಕೂಡಲೇ ನೆನಪಾತು. ಅವಳ ವಿಷಯದಲ್ಲಿ ನಾನು ಲೇಖಕರಿಗೆ ಕೈ ಮುಗೀತೀನ್ರಿ. ಕಜುಹೋ ಅಂತ ಅವಳ ಹೆಸರು. ಮೊದಮೊದಲು ಮಾಳಿಗೆ ಮೇಲೆ ಕುಣಿಯೋ, ಪರವಾನಗಿ ಇಲ್ಲದ ಹಾಡುಗಾತಿ ಅಷ್ಟೇ ಅಂದುಕೊಂಡಿದ್ದೆ. ಕೊಯಿಚಿ ಯು.ಎ. ಅನ್ನೋ ಹೀರೋ ಶಾಲೆಯ ಪ್ರವೇಶ ಪರೀಕ್ಷೆಗೆ ಹೋಗುವ ದಾರಿಯಲ್ಲಿ ನೀರಿಗೆ ಬಿದ್ದ ಒಂದು ಹುಡುಗಿಯನ್ನು ಎಳೆದು ಹಾಕಿ, ಪರೀಕ್ಷೆ ತಪ್ಪಿಸಿಕೊಂಡಿರ್ತಾನೆ. ಅದಕ್ಕೇ ಅವನು ಹೀರೋ ಆಗಲಿಲ್ಲ. ಆ ಹುಡುಗಿ ಇವಳೇ. ಅವಳಿಗೆ ಗೊತ್ತು. ಅವನಿಗೆ ಗೊತ್ತಿಲ್ಲ. ಪಕ್ಕದಲ್ಲೇ ಕೂತು ಎಷ್ಟೋ ಅಧ್ಯಾಯ ಬಾಯಿ ಬಿಡಲ್ಲ ಅವಳು.

ಇದೂ ಹಿಂದಿನ ಕಥೆನೇ. ಆದರೆ ಇಲ್ಲಿ ಕಾರಣ ಕೊಟ್ಟಿದ್ದರಿಂದ ಯಾರೂ ಸಣ್ಣವರಾಗಲಿಲ್ಲ. ಸ್ಟೇನ್‌ಗೆ ಮಾಡಿದ್ದು ಬೇರೆ, ಇದು ಬೇರೆ. ಯಾಕೆ ಅಂತ ನನಗೂ ಪೂರ್ತಿ ಹೇಳಾಕ ಬರ್ತಿಲ್ಲ.

ಚೌಕಿಮನೆ

ನನಗೆ ಅನ್ನಿಸುವುದು ಹೀಗೆ. ಸ್ಟೇನ್‌ನದು ನಾವು ಕೇಳಿದ ಪ್ರಶ್ನೆಗೆ ಉತ್ತರ. ಮೂಗು ಯಾಕಿಲ್ಲ? ಇಗೋ ಇದಕ್ಕೆ. ಉತ್ತರ ಸಿಕ್ಕಿದ ಮೇಲೆ ಪ್ರಶ್ನೆ ಸತ್ತಿತು. ಕಜುಹೋಳದು ಉತ್ತರ ಅಲ್ಲ, ಸಾಲ. ಅವಳು ಅದನ್ನು ಹೊತ್ತುಕೊಂಡು ಮುಂದಿನ ದಿನ ಬದುಕಬೇಕು.

ಬೈಟೂಕಾಫಿ

ಇದನ್ನು ಫ್ರೇಮ್ ಹಾಕಿಸಬೇಕು.

ಬೇರೆ ಮಾಂಗಾಗಳಲ್ಲೂ ಇದೇ ನೋಡಿ. ‘ಅಟ್ಯಾಕ್ ಆನ್ ಟೈಟನ್’ಗೆ ‘ನೋ ರಿಗ್ರೆಟ್ಸ್’ ಅಂತ ಬಂತಲ್ಲ, ಹಿಕಾರು ಸುರುಗಾ ಚಿತ್ರ ಬರೆದದ್ದು, 2013–14ರಲ್ಲಿ, ಎರಡೇ ಸಂಪುಟ. ಮುಖ್ಯ ಕಥೆಯ ಸೈನಿಕ ಲೀವಾಯ್ ನೆಲದಡಿಯ ಊರಿನಲ್ಲಿ ಪುಂಡನಾಗಿದ್ದಾಗಿನ ಕಥೆ. ಇಸಬೆಲ್, ಫಾರ್ಲನ್ ಅಂತ ಇಬ್ಬರು ಜೊತೆಗಾರರು. ಮುಖ್ಯ ಕಥೆಯಲ್ಲಿ ಅವರ ಸುಳಿವೂ ಇಲ್ಲ ಅಂದಾಗಲೇ ನಮಗೆ ಗೊತ್ತಾಗುತ್ತದೆ, ಇವರು ಉಳಿಯಲ್ಲ ಅಂತ. ಮೊದಲ ಪುಟದಿಂದಲೇ ಅವರಿಬ್ಬರನ್ನು ಎಣಿಸಿಕೊಂಡು ಓದ್ತೀವಿ.

ಅಕ್ಷರಮಾಲೆ

ನನ್ನ ಪಾಲಿಗೆ ಈ ಜಾತಿಯಲ್ಲಿ ದೊಡ್ಡದು ‘ಸೇಂಟ್ ಸೈಯಾ’ದ ‘ಲಾಸ್ಟ್ ಕ್ಯಾನ್ವಾಸ್’. ಶಿಯೋರಿ ತೆಶಿರೋಗಿ, 2006ರಿಂದ 2011, 25 ಸಂಪುಟ. 18ನೇ ಶತಮಾನದ ಯುದ್ಧ. ಆ ಯುದ್ಧದಲ್ಲಿ ಇಬ್ಬರು ಮಾತ್ರ ಬದುಕಿ ಉಳಿದರು ಅಂತ ಮೂಲ ಕಥೆಯೇ ಮೊದಲೇ ಹೇಳಿಬಿಟ್ಟಿದೆ! ಅಂದರೆ ಉಳಿದ ಚಿನ್ನದ ಕವಚದ ಯೋಧರೆಲ್ಲ ಸಾಯಬೇಕು. ಒಬ್ಬೊಬ್ಬರನ್ನೂ ಸಾಯಿಸುವುದಕ್ಕೆ ಆ ಲೇಖಕಿ ಎಷ್ಟು ಪ್ರೀತಿ ಹಾಕಿದ್ದಾರೆ ಅಂದರೆ, ಮೂಲ ಸರಣಿಗಿಂತ ಇದೇ ಮೇಲು ಅನ್ನುವವರು ನನ್ನ ಗೆಳತಿಯರಲ್ಲೇ ಇದ್ದಾರೆ. ನಾನೂ ಅವರ ಕಡೆಯೇ. ಬೈಯುವವರು ಬೇರೆ ಎಳೆ ತೆರೆಯಿರಿ.

ರಾತ್ರಿಪಾಳಿ

ಹತ್ತು ದಿನ ಆಯಿತು. 40 ಅಧ್ಯಾಯ ಆಗಿದೆ. ಬೈಟೂಕಾಫಿ ಅಣ್ಣಾ, ಮಾಳಿಗೆ ರೂಮು ನನಗೂ ಇಷ್ಟವಾಯಿತು. ಮೊದಲು ಪಾಪ್‌ಗೆ ಕಾಟ ಕೊಟ್ಟ ಸೋಗಾ ಮತ್ತು ಅವನ ಹುಡುಗರು ಆಮೇಲೆ ಅದೇ ರೂಮಿಗೆ ಬಂದು ಕೂರುವುದು ಚೆನ್ನಾಗಿದೆ. ಯಾರೂ ಕ್ಷಮೆ ಕೇಳಲ್ಲ, ಯಾರೂ ಕ್ಷಮಿಸಲ್ಲ, ಸುಮ್ನೆ ಬಂದು ಕೂರ್ತಾರೆ.

ಆದರೆ ಆ ಅಮೆರಿಕದ ಹೀರೋ, ಕ್ಯಾಪ್ಟನ್ ಸೆಲೆಬ್ರಿಟಿ, ಅವನು ಸಹಿಸೋಕಾಗ್ತಿಲ್ಲ.

ಬೈಟೂಕಾಫಿ

ತಾಳು. ಸ್ಕೈ ಎಗ್ ಅನ್ನುವ ದೊಡ್ಡ ಕಟ್ಟಡ ಬೀಳುವ ತನಕ ತಾಳು. ಆಮೇಲೆ ಮಾತಾಡೋಣ.

ರಾತ್ರಿಪಾಳಿ

ಸ್ಕೈ ಎಗ್ ಬಿತ್ತು. ಮಾತು ವಾಪಸ್ ತಗೊಂಡೆ. ಹೆಂಡತಿ ಮಗುವಿನ ಮುಂದೆ ಜಂಬ ಕೊಚ್ಚುವವನು ಅಷ್ಟು ದೊಡ್ಡ ಕಟ್ಟಡ ಹೊತ್ತು ನಿಲ್ಲುತ್ತಾನೆ ಅಂತ ಯಾರಿಗೆ ಗೊತ್ತಿತ್ತು.

ರಾತ್ರಿಪಾಳಿ

ಬೆಳಗಿನ ಮೂರೂವರೆ. ಪಾಳಿಯಲ್ಲಿದ್ದೇನೆ. ಶಿರಾಕುಮೋ ಭಾಗ ಓದಿದೆ. ಸ್ವಲ್ಪ ಉದ್ದ ಬರೀತೀನಿ, ಈಗ ಮಾತಾಡೋಕೆ ಇಲ್ಲಿ ಯಾರೂ ಎದ್ದಿಲ್ಲ.

60ನೇ ಅಧ್ಯಾಯದ ಆಸುಪಾಸಿನಿಂದ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ, ಐಜಾವಾ ಯು.ಎ.ಯಲ್ಲಿ ಓದುತ್ತಿದ್ದ ಕಾಲಕ್ಕೆ. ಮಳೆ. ದಾರಿ ಬದಿಯಲ್ಲಿ ಯಾರೋ ಬಿಟ್ಟುಹೋದ ಬೆಕ್ಕಿನ ಮರಿ. ಐಜಾವಾ ನಿಲ್ಲುತ್ತಾನೆ. ಎತ್ತಿಕೊಳ್ಳಲ್ಲ. ತನ್ನ ಕೊಡೆಯನ್ನು ಮರಿಯ ಮೇಲೆ ಇಟ್ಟು, ತಾನು ನೆನೆದುಕೊಂಡು ಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ಅವನ ಗೆಳೆಯ ಶಿರಾಕುಮೋ ಅದೇ ಮರಿಯನ್ನು ಎತ್ತಿಕೊಂಡು ತರಗತಿಗೇ ಬರುತ್ತಾನೆ. ಅಷ್ಟೇ. ಇಡೀ ಐಜಾವಾ ಅಲ್ಲಿದ್ದಾನೆ. ಕೆಟ್ಟವನಲ್ಲ, ಕೊಡೆ ಕೊಟ್ಟಿದ್ದಾನೆ. ಆದರೆ ಎತ್ತಿಕೊಳ್ಳುವ ಧೈರ್ಯ ಇಲ್ಲ. ತಾನು ಅರ್ಧ ಮಾಡಿದ್ದನ್ನು ಇನ್ನೊಬ್ಬ ಪೂರ್ತಿ ಮಾಡಿದ ಅನ್ನುವುದು ಅವನ ಮುಖದಲ್ಲೇ ಇದೆ.

ಶಿರಾಕುಮೋನ ಶಕ್ತಿ ಮೋಡ. ಮೂವರೂ, ಅಂದರೆ ಅವನು, ಐಜಾವಾ, ಪ್ರೆಸೆಂಟ್ ಮೈಕ್, ಓದು ಮುಗಿದ ಮೇಲೆ ಸೇರಿ ಒಂದು ಏಜೆನ್ಸಿ ತೆರೆಯೋಣ ಅಂತ ಅವನ ಕನಸು. ಆಮೇಲೆ ಇಂಟರ್ನ್‌ಶಿಪ್‌ನಲ್ಲಿ ಆ ದೈತ್ಯ ವಿಲನ್ ಬರುತ್ತಾನೆ. ಶಿರಾಕುಮೋ ಪುಟ್ಟ ಮಕ್ಕಳನ್ನು ಕಾಪಾಡುತ್ತಾನೆ, ಅವನ ಮೇಲೆ ಕಟ್ಟಡ ಬೀಳುತ್ತದೆ. ಐಜಾವಾ ಒಬ್ಬನೇ ಹೋರಾಡುತ್ತಾನೆ. ಸ್ಪೀಕರ್‌ನಲ್ಲಿ ಗೆಳೆಯನ ಧ್ವನಿ ಹುರಿದುಂಬಿಸುತ್ತಲೇ ಇರುತ್ತದೆ. ಗೆಲ್ಲುತ್ತಾನೆ. ತಿರುಗಿ ನೋಡಿದರೆ ಗೆಳೆಯ ಇಲ್ಲ. ಹಾಗಾದರೆ ಕೇಳಿದ್ದು ಯಾರ ಧ್ವನಿ? ಎರಡು ಸಲ ಹಿಂದಕ್ಕೆ ಹೋಗಿ ಓದಿದೆ.

ಮುಖ್ಯ ಕಥೆ ಓದಿದ ನಮಗೆ ಇದು ಗೊತ್ತಿತ್ತು. ಮಂಜಿನ ಮೈಯ ವಿಲನ್ ಕುರೋಗಿರಿಯನ್ನು ಮಾಡಿದ್ದೇ ಶಿರಾಕುಮೋನ ಹೆಣದಿಂದ ಅಂತ ತಾರ್ತರಸ್ ಜೈಲಿನಲ್ಲಿ ಐಜಾವಾಗೆ ಗೊತ್ತಾಗುತ್ತದಲ್ಲ, 253–254ನೇ ಅಧ್ಯಾಯ. ಅವತ್ತು ಓದಿದಾಗ ‘ಓ, ಹಳೆ ಗೆಳೆಯನಂತೆ, ಪಾಪ’ ಅಂತ ಪುಟ ತಿರುಗಿಸಿದ್ದೆ. ಆ ಗೆಳೆಯನ ಮುಖ ನನಗೆ ಗೊತ್ತಿರಲಿಲ್ಲ. ಈಗ ಗೊತ್ತು. ಕೈಯಲ್ಲಿ ಬೆಕ್ಕು ಹಿಡಿದುಕೊಂಡಿದ್ದಾನೆ.

ಅಕ್ಷರಮಾಲೆ

ಈಗ ಹೇಳ್ತೀನಿ ಆ ಹೆಸರಿನ ವಿಷಯ. ಶಿರಾಕುಮೋ ಅಂದರೆ ಬಿಳಿ ಮೋಡ. ಕುರೋಗಿರಿ ಅಂದರೆ ಕಪ್ಪು ಮಂಜು.

ರಾತ್ರಿಪಾಳಿ

ಅಕ್ಕಾ, ಬೆಳಗಿನ ಹೊತ್ತು ಇದನ್ನು ಹೇಳಬೇಕಿತ್ತಾ.

ಬೈಟೂಕಾಫಿ

ಈಗ ನಾನು ಮೊದಲೇ ನೆನಪಿಟ್ಟುಕೋ ಅಂದದ್ದು. ವಿಜಿಲಾಂಟೀಸ್‌ನಲ್ಲಿ ಈ ಶಿರಾಕುಮೋ ಭಾಗ ಮೊದಲು ಬಂತು. ಕುರೋಗಿರಿಯ ಗುಟ್ಟು ಮುಖ್ಯ ಕಥೆಯಲ್ಲಿ ಒಡೆದದ್ದು ಅದಾದ ಮೇಲೆ. ಎರಡನ್ನೂ ಆಗ ಬಿಸಿಬಿಸಿಯಾಗಿ ಓದುತ್ತಿದ್ದವರ ಗತಿ ಯೋಚಿಸು. ಗೆಳೆಯನ ಸಾವಿಗೆ ಅತ್ತು ಮುಗಿಸಿರ್ತಾರೆ. ಆಮೇಲೆ ಅಲ್ಲಿ ಆ ಮಂಜಿನೊಳಗಿಂದ ಅವನ ಮುಖ ಬರುತ್ತದೆ. ನೀನು ‘ಬೇರೆಯವರು ಬರೆದದ್ದು’ ಅಂದೆಯಲ್ಲ, ಇಬ್ಬರೂ ಮಾತಾಡಿಕೊಳ್ಳದೆ ಇದು ಆಗುವ ಕೆಲಸವಲ್ಲ ಗುರು.

ಗಿರ್ಮಿಟ್

ಇದನ್ನು ಮಾತ್ರ ನಾನು ವಾದ ಮಾಡದೆ ಒಪ್ಪಿಕೊಳ್ತೀನಿ. ಆದರೆ ಕೊನೆಯ ಜಗಳ ಭಾಳ ಉದ್ದ ಆತು ಅನ್ನೋದನ್ನ ಯಾರಾದರೂ ಹೇಳ್ಬೇಕಲ್ರಿ. ಕೊನೆಯ ವಿಲನ್ ನಂಬರ್ ಸಿಕ್ಸ್ ಬೀಳ್ತಾನ, ಏಳ್ತಾನ, ಮತ್ತ ಬೀಳ್ತಾನ. ಊರೆಲ್ಲ ಮುಚ್ಚಿ ಹೊಡೆದಾಡ್ತಾರ. ಅರ್ಧ ಕತ್ತರಿಸಿದ್ದರೂ ನಡೀತಿತ್ತು. ಮಳೆಹುಡುಗಿಯವರಿಗೆ ಸಿಕ್ಕ ಆ ಬ್ಲೇಡ್ ಇಲ್ಲಿ ಹಾಕಬೇಕಿತ್ತು.

ಬೈಟೂಕಾಫಿ

ಒಪ್ಪಿದೆ, ಎಳೆದಿದ್ದಾರೆ. ಆದರೆ ಆ ಜಗಳದ ಮಧ್ಯದಲ್ಲೇ ಕೊಯಿಚಿ ಹಾರುವುದು. ಸಣ್ಣವನಿದ್ದಾಗ ಅವನು ತೇಲುತ್ತಿದ್ದ, ಎಲ್ಲಿ ಹಾರಿಹೋಗ್ತಾನೋ ಅಂತ ಅಮ್ಮ ಹೊಡೆದು ಕೆಳಗಿಳಿಸಿದ್ದಳು, ಅದಕ್ಕೇ ನೆಲಕ್ಕೆ ಅಂಟಿಕೊಂಡೇ ಬೆಳೆದ ಅಂತ ಗೊತ್ತಾಗುತ್ತದಲ್ಲ. ಅಷ್ಟು ಅಧ್ಯಾಯ ನಾವು ನಕ್ಕ ಆ ತೆವಳುವಿಕೆ! ಅದನ್ನು ತಮಾಷೆಯ ಹಾಗೆ ಹೇಳಿ ಮುಂದೆ ಹೋಗ್ತಾರೆ. ನಾನು ಮುಂದೆ ಹೋಗಲಿಲ್ಲ.

ಮಳೆಹುಡುಗಿ

ನಮ್ಮಮ್ಮನಿಗೆ ಈ ಭಾಗ ಹೇಳಿದೆ. ‘ಮತ್ತೆ ಬಿದ್ದಿದ್ದರೆ?’ ಅಂದಳು. ಅವಳು ಕೊಯಿಚಿ ಅಮ್ಮನ ಕಡೆ.

ರಾತ್ರಿಪಾಳಿ

126 ಮುಗಿಯಿತು. ಕೊಯಿಚಿ ಅಮೆರಿಕಕ್ಕೆ ಹೋದ, ಅದೂ ಆ ಜಂಬದ ಕ್ಯಾಪ್ಟನ್ ಜೊತೆ ಕೆಲಸಕ್ಕೆ. ಹೆಸರು ಸ್ಕೈಕ್ರಾಲರ್. ಆಕಾಶದಲ್ಲೂ ತೆವಳುವುದು ಬಿಟ್ಟಿಲ್ಲ ಪುಣ್ಯಾತ್ಮ.

ಮುಗಿಸಿದ ಮೇಲೆ ನಿದ್ದೆ ಬರಲಿಲ್ಲ. ಮುಖ್ಯ ಕಥೆಯ ಮೊದಲ ಸಂಪುಟ ತೆಗೆದೆ. ತರಗತಿಯ ಮೊದಲ ದಿನ. ಐಜಾವಾ ಮಲಗುವ ಚೀಲದೊಳಗಿಂದಲೇ ಬಂದು, ಗೆಳೆತನ ಮಾಡೋಕೆ ಬಂದಿದ್ದರೆ ಬೇರೆ ಕಡೆ ಹೋಗಿ ಅನ್ನುವ ಅರ್ಥದ ಮಾತು ಹೇಳ್ತಾನಲ್ಲ. ಮೊದಲ ಸಲ ಓದಿದಾಗ ನಕ್ಕಿದ್ದೆ. ನನ್ನ ಪಿಯುಸಿ ಲೆಕ್ಕದ ಮೇಷ್ಟ್ರ ಹಾಗೆ ಕಂಡಿದ್ದ. ಅದಕ್ಕೂ ಹಿಂದಿನ ವರ್ಷ ಒಂದು ಇಡೀ ತರಗತಿಯನ್ನೇ ಹೊರಗೆ ಹಾಕಿದ್ದನಂತೆ. ಈಗ ಅದೇ ಪುಟ, ಅದೇ ಚಿತ್ರ. ಎದುರಿಗೆ ಕೂತ ಇಪ್ಪತ್ತು ಮಕ್ಕಳಲ್ಲಿ ಅವನು ಯಾರ ಮುಖ ನೋಡ್ತಾ ಇದ್ದಾನೆ ಅಂತ ನನಗೆ ಗೊತ್ತು. ಹೊರಿಕೋಶಿ ಅದನ್ನು ಬರೆದದ್ದು 2014ರಲ್ಲಿ. ಆಗ ಬೆಕ್ಕೂ ಇಲ್ಲ, ಕೊಡೆಯೂ ಇಲ್ಲ. ಆಮೇಲೆ ಬಂದವರು ಮೊದಲಿನ ಪುಟವನ್ನೇ ಬದಲಾಯಿಸಿಬಿಟ್ಟರು.

ನನ್ನ ಮೊದಲ ಪೋಸ್ಟಿನ ಅಡುಗೆ ಮಾತು ವಾಪಸ್. ಅಳಿಸಲ್ಲ, ಹಾಗೇ ಇರಲಿ.

ಚೌಕಿಮನೆ

ಒಳ್ಳೆಯದು. ಸಮಯ ಸಿಕ್ಕಾಗ ಒಂದು ರಾತ್ರಿ ಆಟಕ್ಕೂ ಬನ್ನಿ. ಚಾಪೆ ನಾನು ತರುತ್ತೇನೆ.

ಮಳೆಹುಡುಗಿ

ಒಂದು ಪ್ರಶ್ನೆ. ಅಮ್ಮನಿಗೆ ಆ ಬೆಕ್ಕಿನ ಕಥೆಯನ್ನೂ ಹೇಳಿದೆ. ಶಿರಾಕುಮೋ, ಕುರೋಗಿರಿ, ಜೈಲು, ಎಲ್ಲ ಹೇಳಿದೆ. ಪೂರ್ತಿ ಕೇಳಿ ಅವಳು ಕೇಳಿದ್ದು ಒಂದೇ, ‘ಮರಿ ಏನಾಯ್ತು?’

ಬೈಟೂಕಾಫಿ

ಅವರ ಸೀನಿಯರ್ ಮಿಡ್‌ನೈಟ್ ಮನೆಗೆ ತಗೊಂಡು ಹೋದಳಲ್ಲ. ಸುಶಿ ಅಂತ ಹೆಸರಿಟ್ಟು ಸಾಕಿಕೊಂಡಳು.

ಮಳೆಹುಡುಗಿ

ಅದನ್ನೂ ಹೇಳಿದೆ. ‘ಯುದ್ಧದಲ್ಲಿ ಸತ್ತಳು ಅಂದೆಯಲ್ಲ, ಅವಳೇ ಅಲ್ವಾ? ಅವಳು ಹೋದ ಮೇಲೆ ಅದನ್ನು ಯಾರು ನೋಡಿಕೊಂಡರು?’ ಅಂತ ಕೇಳಿದಳು. ನನಗೆ ಉತ್ತರ ಬರಲಿಲ್ಲ.

ಚೌಕಿಮನೆ

ಅಯ್ಯೋ ದೇವರೇ. ಐಜಾವಾಗೆ ಮುಖ್ಯ ಕಥೆಯಲ್ಲಿ ಮೂವತ್ತು ವರ್ಷ. ಆಗ ಅವನಿಗೆ ಹದಿನಾರು, ಹದಿನೇಳು. ಇದ್ದಿದ್ದರೆ ಆ ಬೆಕ್ಕಿಗೆ ಹದಿಮೂರು, ಹದಿನಾಲ್ಕು ವರ್ಷ ಆಗಿರಬೇಕು. ಮುದಿ ಬೆಕ್ಕು.

ಗಿರ್ಮಿಟ್

ಐಜಾವಾ ಮನ್ಯಾಗ ಇರ್ತದ ಬಿಡ್ರಿ. ಈ ಸಲ ಎತ್ತಿಕೊಂಡಿರ್ತಾನ.

ರಾತ್ರಿಪಾಳಿ

ಹೂಂ. ಹಾಗೇ ಅಂತ ಅಮ್ಮನಿಗೆ ಹೇಳಿಬಿಡಿ.